ಗೋಡೆಯೊಳಗೆ ನೀರು, ಆರ್‌ಸಿಯಲ್ಲಿ 13 ಸೀಟು: ಒಂದು ಹಳೆಯ ಕ್ಯಾರವಾನ್ ಪರೀಕ್ಷೆಯ ಪೂರ್ತಿ ವಿವರ

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಿದ್ದ ಮಳೆ ತುಂಬ ಜನರಿಗೆ ನೆನಪಿರಬಹುದು. ಆ ಮಳೆಯ ನಡುವೆ ಒಂದು ಭಾನುವಾರ ಭಾವ ಫೋನ್ ಮಾಡಿದರು. "ನೋಡಪ್ಪ, ಕೊನೆಗೂ ಸಿಕ್ಕಿಬಿಡ್ತು" ಅಂದರು. ಜೊತೆಗೆ 18 ಫೋಟೊ ಕಳಿಸಿದ್ದರು. ಒಂದು ಟೆಂಪೊ ಟ್ರಾವೆಲರ್ ವ್ಯಾನ್, ಒಳಗೆ ಪೂರ್ತಿ ಮನೆ, ಅಂದರೆ ಕ್ಯಾರವಾನ್. ಎರಡು ಮಂಚ, ಒಲೆ, ಸಿಂಕ್, ಪುಟ್ಟ ಫ್ರಿಜ್, ಹಿಂದೆ ಬಾತ್‌ರೂಮ್, ಮೇಲೆ ಸೋಲಾರ್ ಪ್ಯಾನೆಲ್ ಮತ್ತು ಎಸಿ. 2011ರ ಗಾಡಿ. 2015ರಲ್ಲಿ ಒಳಗಿನ ಕೆಲಸ ಮಾಡಿಸಿದ್ದು. ಕೇಳಿದ ಬೆಲೆ 11.5 ಲಕ್ಷ. ಇನ್ನಿಬ್ಬರು ನೋಡಿಕೊಂಡು ಹೋಗಿದ್ದಾರೆ, ಸಂಜೆಯೊಳಗೆ 50,000 ಟೋಕನ್ ಕೊಟ್ಟರೆ ಬೇರೆಯವರಿಗೆ ತೋರಿಸುವುದಿಲ್ಲ ಎಂದು ಮಾರುವವರು ಹೇಳಿದ್ದರಂತೆ.

ಅಕ್ಕ ಮತ್ತು ಭಾವ ವಿಜಯನಗರದಲ್ಲಿದ್ದಾರೆ. ಇಬ್ಬರೂ ಕೆಲಸದಿಂದ ನಿವೃತ್ತರಾಗಿದ್ದಾರೆ. ಅಕ್ಕನಿಗೆ ಶುಗರ್ ಇದೆ, ಮಂಡಿನೋವೂ ಇದೆ. ಹೊತ್ತಿಗೆ ಸರಿಯಾಗಿ ಊಟ ಆಗಬೇಕು, ಒಂದೂವರೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್‌ಗಳಲ್ಲಿ ಕೂರುವ ಕಮೋಡ್ ಇರುವುದೇ ಅಪರೂಪ. ಬಾದಾಮಿ, ಬನವಾಸಿ, ಕೊಲ್ಲೂರು ಎಲ್ಲ ನೋಡಬೇಕು ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದಳು. ಆದರೆ ಹೊರಡುವ ದಿನ ಬಂದಾಗ ಹಿಂಜರಿಯುತ್ತಿದ್ದಳು. ಅವಳಿಗೆ ಈ ಗಾಡಿ ಶೋಕಿಗೆ ಬೇಕಾಗಿದ್ದಲ್ಲ. ಮನೆಯಿಂದ ಹೊರಗೆ ಕಾಲಿಡಲು ಇದ್ದ ಒಂದೇ ದಾರಿ ಅದು. ಹಾಗಾಗಿ "ಬೇಡ ಬಿಡಿ" ಎಂದು ಸುಮ್ನೆ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ನಾನು ವಾಹನ ವಿಮೆಯ ಸರ್ವೇಯರ್. 22 ವರ್ಷದಿಂದ ಗುದ್ದಿದ, ಮುಳುಗಿದ, ಸುಟ್ಟ ಗಾಡಿಗಳನ್ನು ನೋಡುವುದೇ ಕೆಲಸ. ಹಳೆಯ ಕ್ಯಾರವಾನ್ ಕೊಳ್ಳಬೇಕೆಂದು ನನ್ನನ್ನು ಕೇಳುವವರೆಲ್ಲ ಎಂಜಿನ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಎಂಜಿನ್ ಕೊನೆಗೆ ನೋಡಬೇಕಾದದ್ದು. ಕೆಟ್ಟ ಎಂಜಿನ್ ರಿಪೇರಿ ಆಗುತ್ತದೆ, ಎಷ್ಟು ಖರ್ಚು ಎಂಬುದೂ ಗೊತ್ತಾಗುತ್ತದೆ. ಗೋಡೆಯೊಳಗೆ ಇಳಿದ ನೀರಿಗೆ ಮತ್ತು ತಾಳೆಯಾಗದ ಕಾಗದಕ್ಕೆ ಆ ಅನುಕೂಲ ಇಲ್ಲ. ಈ ಗಾಡಿಯನ್ನು ನಾವು ನೋಡಿದ್ದೂ ಅದೇ ಕ್ರಮದಲ್ಲಿ.

ಟೋಕನ್‌ಗೆ ಮೊದಲು ಆರ್‌ಸಿ

ಟೋಕನ್ ಕೊಡಬೇಡಿ, ಮೊದಲು ಆರ್‌ಸಿಯ (ನೋಂದಣಿ ಪತ್ರದ) ಎರಡೂ ಬದಿಯ ಫೋಟೊ ತರಿಸಿಕೊಳ್ಳಿ ಎಂದು ಭಾವನಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಬಂತು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ತಾಳೆ ನೋಡಿದೆ. ಕೆಎ-20, ಅಂದರೆ ಉಡುಪಿ ನೋಂದಣಿ. 2011ರ ಜೂನ್. ವಿಮೆ ಚಾಲ್ತಿಯಲ್ಲಿತ್ತು. ಬ್ಯಾಂಕ್ ಸಾಲದ ನಮೂದು ಇನ್ನೂ ಹಾಗೇ ಇತ್ತು. ಸಾಲ ಯಾವಾಗಲೋ ತೀರಿದೆ ಅಂದರು ಮಾರುವವರು. ಅದು ದೊಡ್ಡ ವಿಷಯ ಅಲ್ಲ. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫಾರಂ 35 ತಂದರೆ ತೆಗೆಸಬಹುದು. ಆದರೆ ಅದನ್ನು ಅವರೇ ತೆಗೆಸಿ ಕೊಡಬೇಕು, ಹಣ ಕೈ ಬದಲಾಗುವುದು ಆಮೇಲೆ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ವಾಹನದ ವರ್ಗ ಎಂಬ ಜಾಗದಲ್ಲಿ 'ಓಮ್ನಿ ಬಸ್, ಪ್ರೈವೇಟ್ ಯೂಸ್' ಅಂತಿತ್ತು, ಅಂದರೆ ಸ್ವಂತ ಬಳಕೆಯ ಬಸ್. ಸೀಟು 13. ಫೋಟೊದಲ್ಲಿ ಎಣಿಸಿದರೆ ಡ್ರೈವರ್ ಸೇರಿ ನಾಲ್ಕೇ ಸೀಟು. ಮಿಕ್ಕ ಜಾಗದಲ್ಲಿ ಮಂಚ ಮತ್ತು ಅಡುಗೆಮನೆ.

ಇದು ಗುಮಾಸ್ತರ ತಪ್ಪು ಅಥವಾ ಚಿಕ್ಕ ವ್ಯತ್ಯಾಸ ಎಂದು ಭಾವ ಅಂದುಕೊಂಡರು. ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಕಾನೂನು ಒಪ್ಪುವ ಬದಲಾವಣೆ ಆಗಿದ್ದರೂ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಮೋಟಾರ್ ಕ್ಯಾರವಾನ್‌ಗೇ ಬೇರೆ ವರ್ಗ ಇದೆ. ಅದನ್ನು ಹೇಗೆ ಕಟ್ಟಬೇಕು ಎನ್ನುವುದಕ್ಕೆ ಎಐಎಸ್-124 ಎಂಬ ಮಾನದಂಡವೂ ಇದೆ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಿಂದ ಒಪ್ಪಿಗೆ ಪಡೆದು ಕಟ್ಟಿದ ಗಾಡಿಯ ಆರ್‌ಸಿಯಲ್ಲಿ 'ಮೋಟಾರ್ ಕ್ಯಾರವಾನ್' ಎಂದೇ ಬರೆದಿರುತ್ತದೆ. ಯಾವುದೋ ಶೆಡ್‌ನಲ್ಲಿ ಸೀಟು ಕಿತ್ತು ಮಂಚ ಹಾಕಿದ ಒಂದೇ ಒಂದು ಹಳೆಯ ಗಾಡಿಗೆ ವರ್ಷಗಳ ನಂತರ ಆ ಒಪ್ಪಿಗೆ ತರುವುದು ಸಾಮಾನ್ಯ ಕುಟುಂಬದ ಕೈಲಿ ಆಗುವ ಕೆಲಸ ಅಲ್ಲ.

"ಒಂಬತ್ತು ವರ್ಷ ಓಡಿಸಿದ್ದಾರಲ್ಲ, ಯಾರೂ ಹಿಡಿದಿಲ್ಲ" ಅಂದರು ಭಾವ. ಹಿಡಿಯದೇ ಇರಬಹುದು. ಆದರೆ ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಈ ಗಾಡಿಗೆ 2026ರ ಜೂನ್. ಆಗ ಆರ್‌ಟಿಒ ಮುಂದೆ ಗಾಡಿ ತಂದು ನಿಲ್ಲಿಸಬೇಕು, ಇನ್‌ಸ್ಪೆಕ್ಟರ್ ನೋಡಿ ಒಪ್ಪಿದರೆ ಇನ್ನು ಐದು ವರ್ಷ. ಬಾಗಿಲು ತೆಗೆದಾಗ 13 ಸೀಟಿನ ಬದಲು ಒಲೆ, ಮಂಚ ಕಂಡರೆ ಏನು ಹೇಳುತ್ತೀರಿ? ಕೊಂಡು ಇಪ್ಪತ್ತು ತಿಂಗಳಿಗೆ ಈ ಪ್ರಶ್ನೆ ಎದುರಾಗುತ್ತದೆ. ಆಗ ಉತ್ತರ ಕೊಡಬೇಕಾದವರು ಮಾರಿದವರಲ್ಲ, ಭಾವ.

ಇದಕ್ಕಿಂತ ನನ್ನನ್ನು ಕಾಡುವುದು ವಿಮೆ. ಪಾಲಿಸಿಯಲ್ಲೂ ಅದು 13 ಸೀಟಿನ ಬಸ್ಸೇ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಗಾಡಿ ಸುಟ್ಟಾಗ ನಾನೇ ಸರ್ವೆಗೆ ಹೋಗಿದ್ದೆ. ವೈರಿಂಗ್‌ನಿಂದ ಹತ್ತಿದ ಬೆಂಕಿ. ಮಾಲೀಕರು ನೆಟ್ಟಗೆ ಪ್ರೀಮಿಯಂ ಕಟ್ಟಿದ್ದರು. ಆದರೆ ಒಳಗಿನ ಮಾರ್ಪಾಟನ್ನು ಆರ್‌ಟಿಒಗೂ ತಿಳಿಸಿರಲಿಲ್ಲ, ವಿಮಾ ಕಂಪನಿಗೂ ತಿಳಿಸಿರಲಿಲ್ಲ. ಕ್ಲೇಮ್ ತಿರಸ್ಕಾರ ಆಯಿತು. ಆ ದಿನ ಅವರ ಮುಖ ನೋಡಿದವನು ನಾನು. ಅಕ್ಕನ ಮನೆಯಲ್ಲಿ ಆ ದಿನ ಬರುವುದು ನನಗೆ ಬೇಡ.

ಕಾಗದದ ಬಗ್ಗೆ ಇನ್ನೊಂದು ಮಾತು. ಇದು ಕರ್ನಾಟಕದ್ದೇ ಗಾಡಿ, ಹಾಗಾಗಿ ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಸಾಕಿತ್ತು. ಹೊರರಾಜ್ಯದ್ದಾದರೆ ಆ ರಾಜ್ಯದ ಎನ್‌ಒಸಿ ಬೇಕು, 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ಹೊಸ ನಂಬರ್ ಆಗಬೇಕು, ತೆರಿಗೆಯೂ ಇಲ್ಲಿ ಕಟ್ಟಬೇಕು. ಅಗ್ಗ ಎಂದು ಕಾಣುವ ಹೊರರಾಜ್ಯದ ಗಾಡಿಯ ನಿಜವಾದ ಬೆಲೆ ಈ ಲೆಕ್ಕ ಆದ ಮೇಲೆಯೇ ಗೊತ್ತಾಗುವುದು.

ಇಷ್ಟಕ್ಕೇ ನಾನು ನಿಲ್ಲಿಸಬಹುದಿತ್ತು. ಆದರೆ ಭಾವನ ಮನಸ್ಸು ಫೋಟೊಗಳಲ್ಲೇ ಇತ್ತು. ಅಕ್ಕ "ಒಂದ್ಸಲ ನೋಡ್ಕೊಂಡು ಬರೋಣ ಕಣೋ" ಅಂದಳು. ಸರಿ, ಆದರೆ ಟೋಕನ್ ಇಲ್ಲದೆ ಎಂದು ಒಪ್ಪಿಕೊಂಡೆವು.

ಮಳೆ ಬಿದ್ದ ಮಾರನೇ ದಿನ

ಗಾಡಿ ಕೆಂಗೇರಿ ಹತ್ತಿರ ಒಂದು ಸೈಟಿನಲ್ಲಿ ಶೀಟ್ ಹೊದಿಸಿದ ಶೆಡ್‌ನಲ್ಲಿ ನಿಂತಿತ್ತು. ಮಾರುವವರಿಗೆ ಫೋನ್ ಮಾಡಿ ಎರಡು ಮನವಿ ಮಾಡಿದೆ. ಒಂದು, ನಾವು ಬರುವ ಹಿಂದಿನ ಎರಡು ದಿನ ಗಾಡಿಯನ್ನು ಶೆಡ್‌ನಿಂದ ಹೊರಗೆ, ಮಳೆಗೆ ನಿಲ್ಲಿಸಿ. ಎರಡು, ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ. "ಆಯ್ತು ಸಾರ್" ಎಂದು ಎರಡಕ್ಕೂ ಒಪ್ಪಿದರು. ಮೋಸದ ಮನಸ್ಸಿರುವವರು ಇಲ್ಲಿ ಏನಾದರೂ ನೆಪ ಹೇಳುತ್ತಾರೆ. ಇವರು ಹೇಳಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಆಸೆಯಿಂದ ಮಾಡಿಸಿದ ಗಾಡಿ. ಮಕ್ಕಳು ಕಾಲೇಜಿಗೆ ಹೋದ ಮೇಲೆ ನಾಲ್ಕು ವರ್ಷದಲ್ಲಿ ಮೂರೇ ಸಲ ಹೊರಗೆ ಹೋಗಿತ್ತು.

ಬೆಳಿಗ್ಗೆ ಏಳಕ್ಕೆ ತಲುಪಿದೆವು. ಕೈಯಲ್ಲಿ ಟಾರ್ಚ್, ಚಿಕ್ಕ ಸುತ್ತಿಗೆ, ಸ್ಕ್ರೂಡ್ರೈವರ್, ಮಲ್ಟಿಮೀಟರ್, ಮರದ ತೇವ ನೋಡುವ ಮೀಟರ್, ಕೆಳಗೆ ಮಲಗಲು ಹಳೇ ಬೆಡ್‌ಶೀಟ್. ಬಾಗಿಲು ತೆಗೆದ ತಕ್ಷಣ ಮಾತಾಡದೆ ಒಂದು ನಿಮಿಷ ನಿಂತು ವಾಸನೆ ನೋಡಿದೆ. ಮುಚ್ಚಿಟ್ಟ ಗಾಡಿಯ ವಾಸನೆ ಬೇರೆ, ನೆನೆದ ಮರದ ವಾಸನೆ ಬೇರೆ. ಇಲ್ಲಿ ಊದುಬತ್ತಿಯ ವಾಸನೆ ಮುಂದಿತ್ತು. ಅದರ ಹಿಂದೆ, ಒದ್ದೆ ಬಟ್ಟೆಯನ್ನು ಬಕೆಟ್‌ನಲ್ಲೇ ಮರೆತಾಗ ಬರುತ್ತದಲ್ಲ, ಅಂಥ ಮುಗ್ಗಲು ವಾಸನೆ.

ಏಣಿ ಹಾಕಿ ಮೇಲೆ ಹತ್ತಿದೆ. ಇಂಥ ಗಾಡಿಗಳಲ್ಲಿ ಚಾವಣಿಯನ್ನು ಎಲ್ಲೆಲ್ಲಿ ಕೊರೆದಿದ್ದಾರೋ ಅಲ್ಲಲ್ಲಿ ನೀರಿಗೆ ದಾರಿ: ಎಸಿ ಕೂರಿಸಿದ ಜಾಗ, ಗಾಳಿ ಕಿಂಡಿ, ಸೋಲಾರ್ ಪ್ಯಾನೆಲ್‌ನ ಕಾಲುಗಳು, ಒಳಗೆ ಇಳಿಯುವ ವೈರ್. ಎಸಿಯ ಸುತ್ತ ಸಿಲಿಕಾನ್ ಮೆತ್ತಿದ್ದರು. ಬೆರಳಲ್ಲಿ ಎಬ್ಬಿಸಿದರೆ ಅದರ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಮಣ್ಣು ಹಿಡಿದ ಮತ್ತೊಂದು ಪದರ. ಮೂರು ಸಲ ಮೆತ್ತಿದ್ದಾರೆ ಅಂದರೆ ಮೂರು ಸಲ ಸೋರಿದೆ ಎಂದೇ ಲೆಕ್ಕ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಒರೆಸಿ, ಒಣಗಿಸಿ ಹೊಸದು ಹಾಕಿದರೆ ಮಾತ್ರ ಹಿಡಿಯುತ್ತದೆ. ಮೇಲೆ ಮೇಲೆ ಮೆತ್ತಿದ್ದು ಒಂದು ಬೇಸಿಗೆಯ ಬಿಸಿಲಿಗೆ ಅಂಚಲ್ಲಿ ಬಿಟ್ಟುಕೊಳ್ಳುತ್ತದೆ.

ಒಳಗೆ ಬಂದರೆ ಎಲ್ಲಾ ಗೋಡೆಗೂ ಹಳೇ ಕೆನೆ ಬಣ್ಣದ ಲ್ಯಾಮಿನೇಟ್. ಹಿಂದಿನ ಎಡ ಮೂಲೆಯಲ್ಲಿ ಮಾತ್ರ, ಬಾತ್‌ರೂಮ್ ಪಕ್ಕ, ಎರಡಡಿ ಅಗಲದ ಹೊಸ ವಾಲ್‌ಪೇಪರ್. ಚೆಂದವಾಗಿಯೇ ಇತ್ತು. ಆದರೆ ಇಡೀ ಗಾಡಿ ಬಿಟ್ಟು ಒಂದು ಮೂಲೆಗೆ ಮಾತ್ರ ಯಾಕೆ ಹೊಸದು, ಅಲ್ವಾ? ಸ್ಕ್ರೂಡ್ರೈವರ್ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಬಂದೆ. ಮುಂದಿನಿಂದ ಮಧ್ಯದವರೆಗೆ ಟಕ್ ಟಕ್ ಎಂದು ಗಟ್ಟಿ ಸದ್ದು. ಆ ಮೂಲೆ ಹತ್ತಿರ ಬಂದಂತೆ ಡಬ್ ಡಬ್ ಅಂತಾಯಿತು. ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುವಂತಿತ್ತು. ಅಕ್ಕನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. ಅವಳು ಎರಡು ಸಲ ತಟ್ಟಿ, ಸುಮ್ಮನೆ ನನ್ನ ಮುಖ ನೋಡಿದಳು.

ತೇವದ ಮೀಟರ್ ಚುಚ್ಚಿದರೆ ಮುಂದಿನ ಗೋಡೆಯಲ್ಲಿ ಶೇಕಡಾ 11, 12. ಈ ಮೂಲೆಯಲ್ಲಿ 27. ಇಪ್ಪತ್ತು ದಾಟಿದ ತೇವ ನಿಂತೇ ಇದ್ದರೆ ಮರಕ್ಕೆ ಬೂಷ್ಟು ಹಿಡಿದು ಕೊಳೆಯುವುದು ಶುರುವಾಗುತ್ತದೆ. ಮೀಟರ್ ಇಲ್ಲದವರೂ ಇದನ್ನು ಕಂಡುಹಿಡಿಯಬಹುದು. ಮೇಲಿನ ಪೆಟ್ಟಿಗೆಗಳ ಬಾಗಿಲು ತೆಗೆದು ಒಳಗಿನ ಸ್ಕ್ರೂ ತಲೆಗಳನ್ನು ನೋಡಿ. ತುಕ್ಕಿನ ಕಣ್ಣೀರು ಇಳಿದಂತೆ ಕಂದು ಗೆರೆ ಇದ್ದರೆ ಸಾಕು. ಮಂಚದ ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್ ಮುಟ್ಟಿ. ನೆಲದ ಮ್ಯಾಟ್‌ನ ಅಂಚು ಎಬ್ಬಿಸಿ.

ಆ ಕೊನೆಯದನ್ನೂ ಮಾಡಿದೆವು, ಮಾರುವವರ ಒಪ್ಪಿಗೆ ಕೇಳಿಯೇ. ಬಾತ್‌ರೂಮ್ ಬಾಗಿಲ ಹತ್ತಿರ ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ಒತ್ತಿದರೆ ಪ್ಲೈವುಡ್ ಟೀಯಲ್ಲಿ ನೆನೆದ ರಸ್ಕ್‌ನಂತೆ ಒಳಗೆ ಹೋಯಿತು. ಪದರ ಪದರವಾಗಿ ಬಿಟ್ಟುಕೊಂಡಿತ್ತು. ಮಾರುವವರು ಬಗ್ಗಿ ನೋಡಿ "ಇದು ನನಗೆ ಗೊತ್ತೇ ಇರಲಿಲ್ಲ ಸಾರ್" ಅಂದರು. ನಾನು ನಂಬಿದೆ. ವಾಲ್‌ಪೇಪರ್ ಹಾಕಿದವನು ಹೇಳದೇ ಹಾಕಿರುತ್ತಾನೆ, ಶೆಡ್‌ನಲ್ಲಿ ನಿಂತ ಗಾಡಿ ತಾನಾಗಿ ಹೇಳುವುದಿಲ್ಲ.

ನೀರು ಒಳಗೆ ಬರುವ ಜಾಗ ಮತ್ತು ಕಾಣುವ ಜಾಗ ಬೇರೆ ಬೇರೆ ಇರುತ್ತದೆ. ಇಲ್ಲಿ ಕೊಳೆತದ್ದು ಹಿಂದಿನ ಎಡ ಮೂಲೆ. ಪೈಪ್ ಹಿಡಿದು ಚಾವಣಿಯ ಒಂದೊಂದೇ ಭಾಗಕ್ಕೆ ಹದಿನೈದು ನಿಮಿಷ ನೀರು ಬಿಟ್ಟೆವು. ಹಿಂಭಾಗಕ್ಕೆ ಬಿಟ್ಟಾಗ ಏನೂ ಆಗಲಿಲ್ಲ. ಮಧ್ಯದ ಎಸಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂದಿನ ದೀಪದ ವೈರ್ ಬರುವ ತೂತಿನಲ್ಲಿ ಒಂದು ಹನಿ ಮೂಡಿತು. ಗಾಡಿ ಸ್ವಲ್ಪ ಹಿಂದಕ್ಕೆ ವಾಲಿ ನಿಂತಿತ್ತು. ಎಸಿ ಹತ್ತಿರ ಇಳಿದ ನೀರು ಒಳಚಾವಣಿಯ ಮೇಲೆ, ಇನ್ಸುಲೇಶನ್ ನಡುವೆ ಎಂಟಡಿ ಹರಿದು ಹಿಂದಿನ ಗೋಡೆಯಲ್ಲಿ ಕೆಳಗಿಳಿಯುತ್ತಿತ್ತು. ಹಾಗಾದರೆ ಆ ಎಂಟಡಿಯ ಒಳಗೆ ಏನಾಗಿದೆ? ಬಿಚ್ಚಿದರೆ ಮಾತ್ರ ಗೊತ್ತು. ಸೋರಿದ ಕ್ಯಾರವಾನ್‌ಗೆ ರಿಪೇರಿಯ ಎಸ್ಟಿಮೇಟ್ ಕೊಡುವುದು ಕಷ್ಟ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಒಲೆಯ ಕೆಳಗಿನ ತೂತು

ನೀರು ಗಾಡಿಯನ್ನು ಹಾಳು ಮಾಡುತ್ತದೆ. ಗ್ಯಾಸ್ ಮನುಷ್ಯರನ್ನು ಕೊಲ್ಲುತ್ತದೆ. ಇಲ್ಲಿ ದಯವಿಟ್ಟು ಆತುರ ಮಾಡಬೇಡಿ.

ಒಲೆಯ ಕೆಳಗಿನ ಪೆಟ್ಟಿಗೆಯಲ್ಲಿ 5 ಕಿಲೋ ಸಿಲಿಂಡರ್ ಇತ್ತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನಂತೆ ನೆಲದಲ್ಲಿ ತುಂಬುತ್ತದೆ. ಅದಕ್ಕಾಗಿ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ, ಗಾಡಿಯ ನೆಲವನ್ನು ದಾಟಿ ಹೊರಗೆ ತೆರೆಯುವ ತೂತು ಇರಲೇಬೇಕು. ಕಟ್ಟಿದವರು ತೂತು ಬಿಟ್ಟಿದ್ದರು. ನಾನು ಕೆಳಗೆ ಮಲಗಿ ನೋಡಿದಾಗ ಹೊರಗಿನಿಂದ ಜಾಲರಿಯೂ ಕಂಡಿತು. ಒಳಗಿನಿಂದ ನೋಡಿದರೆ ತೂತಿನ ಮೇಲೆ ಪ್ಲೈವುಡ್ ತುಂಡು, ನಾಲ್ಕು ಸ್ಕ್ರೂ. ಯಾಕೆ ಎಂದು ಕೇಳಿದೆ. "ಇಲಿ ಬರ್ತಿತ್ತು ಸಾರ್, ಅದಕ್ಕೆ ಮುಚ್ಚಿಸಿದೆ" ಅಂದರು.

ಆ ಗಾಡಿಯಲ್ಲಿ ಅವರ ಮಕ್ಕಳು ಮಲಗಿದ್ದರು. ಕಿಟಕಿ ಮುಚ್ಚಿ, ಒಲೆಯಿಂದ ಮೂರಡಿ ದೂರದಲ್ಲಿ, ನೆಲಕ್ಕೆ ಹತ್ತಿರದ ಮಂಚದಲ್ಲಿ. ರಬ್ಬರ್ ಪೈಪ್ ಮೇಲೆ ಮುದ್ರಿಸಿದ್ದ ವರ್ಷ 2015. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಪೈಪ್ ಅದು. ಬಗ್ಗಿಸಿದರೆ ಸಣ್ಣ ಬಿರುಕು ಕಾಣಿಸುತ್ತಿತ್ತು. ಸೋಪಿನ ನೊರೆ ಹಚ್ಚಿ ನೋಡಿದೆವು, ರೆಗ್ಯುಲೇಟರ್ ಕಡೆಯ ಜಾಯಿಂಟ್‌ನಲ್ಲಿ ಗುಳ್ಳೆ ಬಂತು. ತಕ್ಷಣ ರೆಗ್ಯುಲೇಟರ್ ಕಳಚಿ, ಸಿಲಿಂಡರ್‌ಗೆ ಮುಚ್ಚಳ ಹಾಕಿ ಹೊರಗೆ ಇಟ್ಟೆವು. ಮಾರುವವರಿಗೆ ಇಡೀ ವಿಷಯ ವಿವರಿಸಿದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸ್ಕ್ರೂಡ್ರೈವರ್ ತಂದು ಆ ಪ್ಲೈವುಡ್ ತುಂಡನ್ನು ತಾವೇ ಬಿಚ್ಚಿದರು. ಇಲಿಗೆ ಸಣ್ಣ ಕಣ್ಣಿನ ಜಾಲರಿ ಸಾಕು.

ಕರೆಂಟಿನ ಕೆಲಸವೂ ಮನಸ್ಸಿಗೆ ಸಮಾಧಾನ ಕೊಡಲಿಲ್ಲ. ಹೊರಗಿನಿಂದ ಮನೆ ಕರೆಂಟ್ ಕೊಡುವ 16 ಆಂಪಿಯರ್ ಪ್ಲಗ್ ಇತ್ತು, ಆದರೆ ಕರೆಂಟ್ ಸೋರಿದರೆ ತಾನಾಗಿ ಕಡಿತ ಮಾಡುವ ಸ್ವಿಚ್, ಅಂದರೆ ಆರ್‌ಸಿಸಿಬಿ ಇರಲಿಲ್ಲ. ಗಾಡಿಯ ಬಾಡಿ ಪೂರ್ತಿ ಲೋಹ, ಟೈರ್ ರಬ್ಬರ್. ಒಳಗೆ ಒಂದು ವೈರ್ ಉಜ್ಜಿ ಬಾಡಿಗೆ ತಾಗಿದರೆ, ಒದ್ದೆ ನೆಲದಲ್ಲಿ ನಿಂತು ಬಾಗಿಲ ಹಿಡಿ ಮುಟ್ಟುವವರ ಮೈಯೇ ಅರ್ಥಿಂಗ್. 30 ಮಿಲಿಆಂಪಿಯರ್‌ಗೆ ಕಡಿತವಾಗುವ ಆರ್‌ಸಿಸಿಬಿ ಇಲ್ಲದ ಗಾಡಿಗೆ ಹೊರಗಿನ ಕರೆಂಟ್ ಕೊಡಲೇಬಾರದು. ಬ್ಯಾಟರಿ ರಾತ್ರಿಯೆಲ್ಲ ಸುಮ್ಮನಿದ್ದ ಮೇಲೆ 12.1 ವೋಲ್ಟ್ ತೋರಿಸಿತು. ಸರಿಯಾಗಿ ಚಾರ್ಜ್ ಆದ ಬ್ಯಾಟರಿ 12.6ರ ಆಸುಪಾಸು ಇರಬೇಕು. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ದಪ್ಪ ವೈರ್‌ಗೆ ಫ್ಯೂಸ್ ಇರಲಿಲ್ಲ. ವೈರ್‌ಗಳನ್ನು ತಿರುಚಿ ಟೇಪ್ ಸುತ್ತಿದ ಜಾಗ ಏಳು ಸಿಕ್ಕಿತು. ಎಣಿಸುವುದನ್ನು ಅಲ್ಲಿಗೆ ನಿಲ್ಲಿಸಿದೆ.

ಎಂಜಿನ್, ಟೈರ್, ಚಾಸಿ

ಎಂಜಿನ್ ಚೆನ್ನಾಗಿತ್ತು. ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರು ಜೆಸಿ ರಸ್ತೆಯಿಂದ ಬಂದಿದ್ದರು. ಬಾನೆಟ್ ತಣ್ಣಗಿರುವುದನ್ನು ಮುಟ್ಟಿ ನೋಡಿ ಸ್ಟಾರ್ಟ್ ಮಾಡಿದರು. ಎರಡನೇ ಸಲಕ್ಕೆ ಹಿಡಿಯಿತು. ಮೊದಲು ಸ್ವಲ್ಪ ಬಿಳಿ ಹೊಗೆ, ನಿಮಿಷದಲ್ಲಿ ನಿಂತಿತು. ನೀಲಿ ಹೊಗೆ ಇಲ್ಲ, ಆಯಿಲ್ ಮುಚ್ಚಳ ತೆಗೆದರೆ ಒಳಗಿನಿಂದ ಹೊಗೆ ನುಗ್ಗಲಿಲ್ಲ. ಟೆಂಪೊ ಟ್ರಾವೆಲರ್ ನಮ್ಮ ರಸ್ತೆಗೆ ಬಂದದ್ದು 1987ರಲ್ಲಿ, ಮರ್ಸಿಡಿಸ್ ವ್ಯಾನ್‌ನ ಆಧಾರದ ಮೇಲೆ. ಇಷ್ಟು ವರ್ಷದಲ್ಲಿ ಅದರ ಕೆಲಸ ಬಲ್ಲವರು ಊರೂರಲ್ಲಿದ್ದಾರೆ, ಬಿಡಿಭಾಗಕ್ಕೂ ಜೆಸಿ ರಸ್ತೆ, ಕಲಾಸಿಪಾಳ್ಯದಲ್ಲಿ ಕೊರತೆಯಿಲ್ಲ. ಹಳೆಯ ಕ್ಯಾರವಾನ್ ಕೊಳ್ಳುವುದಾದರೆ ಇಂಥ ಸಾಮಾನ್ಯ ಗಾಡಿಯ ಮೇಲೆ ಕಟ್ಟಿದ್ದನ್ನೇ ಕೊಳ್ಳಿ.

ಟೈರ್ ನೋಡಿ ಭಾವನಿಗೆ ಖುಷಿಯಾಗಿತ್ತು. ಮೇಲ್ಮೈಯ ಗೀರುಗಳೆಲ್ಲ ಹೊಸದರಂತೆ ಆಳವಾಗಿದ್ದವು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ತೋರಿಸಿದೆ: 1116. ಅಂದರೆ 2016ರ 11ನೇ ವಾರ ತಯಾರಾದದ್ದು. ಎಂಟೂವರೆ ವರ್ಷ. ಸ್ಟೆಪ್ನಿಯಲ್ಲಿ 1911, ಗಾಡಿಯ ಜೊತೆಗೇ ಬಂದದ್ದು. ನಿಂತಲ್ಲೇ ನಿಂತ ಗಾಡಿಯ ಟೈರ್ ಸವೆಯುವುದಿಲ್ಲ, ಆದರೆ ರಬ್ಬರ್‌ಗೆ ವಯಸ್ಸಾಗುತ್ತದೆ. ಪಕ್ಕದಲ್ಲಿ ಕೂದಲೆಳೆಯ ಬಿರುಕು ಸಾಲಾಗಿ ಇದ್ದವು. ಇಷ್ಟು ಭಾರದ ಗಾಡಿ ಬಿಸಿಲಲ್ಲಿ 80ರ ವೇಗದಲ್ಲಿ ಹೋಗುವಾಗ ಅವು ಸಿಡಿದರೆ ಹಿಡಿತ ತಪ್ಪುತ್ತದೆ. ಎಲ್ಲವೂ ಬದಲಾಗಬೇಕು.

ಬೆಡ್‌ಶೀಟ್ ಹಾಸಿ ಕೆಳಗೆ ಮಲಗಿದೆವು. ಮೊದಲ ವರ್ಷಗಳು ಸಮುದ್ರದ ಹತ್ತಿರ ಕಳೆದ ಗಾಡಿ. ಉಪ್ಪು ಗಾಳಿ ಬಿಟ್ಟೀತೆ? ಸುತ್ತಿಗೆಯಲ್ಲಿ ತಟ್ಟಿದರೆ ಉದ್ದದ ಮುಖ್ಯ ಚಾಸಿ ಗಟ್ಟಿಯಾಗಿ ಠಣ್ ಎಂದಿತು. ನೀರಿನ ಟ್ಯಾಂಕ್ ಹಿಡಿದಿದ್ದ ಪಟ್ಟಿ ಮತ್ತು ಹಿಂದಿನ ಲೀಫ್ ಸ್ಪ್ರಿಂಗ್ ಕೊಂಡಿಯ ಹತ್ತಿರ ತುಕ್ಕು ಪದರವಾಗಿ ಉದುರಿತು. ಮೇಲೆ ಹೊಸ ಕಪ್ಪು ಪೇಂಟ್ ಹೊಡೆದಿದ್ದರು. ಕೆಳಗೆ ಹೊಸ ಪೇಂಟ್ ಕಂಡರೆ ಸುತ್ತಿಗೆ ಜಾಸ್ತಿ ಬಳಸಿ.

ಕುಂಬಳಗೋಡಿನ ವೇಬ್ರಿಡ್ಜ್

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಗಾಡಿ ಓಡಿಸಿ ನೋಡುವ ನೆಪದಲ್ಲೇ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿಗೆ ಹೋಗಿ ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆವು. ಎಲ್ಲರೂ ಇಳಿದೆವು. ಡೀಸೆಲ್ ಅರ್ಧ ಟ್ಯಾಂಕ್, ನೀರಿನ ಟ್ಯಾಂಕ್ ಖಾಲಿ, ಸಿಲಿಂಡರ್ ಇಲ್ಲ. ಚೀಟಿ ಬಂತು: 3,240 ಕಿಲೋ. ಆರ್‌ಸಿಯಲ್ಲಿ ಈ ಗಾಡಿ ತೂಗಬಹುದಾದ ಗರಿಷ್ಠ ತೂಕ 3,500.

ಅಲ್ಲೇ ನಿಂತು ಚೀಟಿಯ ಹಿಂದೆ ಲೆಕ್ಕ ಬರೆದೆವು. ಉಳಿದದ್ದು 260. ಅಕ್ಕ, ಭಾವ ಇಬ್ಬರೂ ಸೇರಿ 138. ಉಳಿದದ್ದು 122. ನೀರಿನ ಟ್ಯಾಂಕ್ 120 ಲೀಟರ್, ಅಂದರೆ 120 ಕಿಲೋ. ಉಳಿದದ್ದು ಎರಡು ಕಿಲೋ. ಹಾಸಿಗೆ, ಬಟ್ಟೆ, ಪಾತ್ರೆ, ಕುಕ್ಕರ್, ಸಿಲಿಂಡರ್, ಅಕ್ಕಿ ಬೇಳೆ, ಅಕ್ಕನ ಔಷಧಿ ಪೆಟ್ಟಿಗೆ, ಮೊಮ್ಮಗಳು ಬಂದರೆ ಅವಳು, ಎಲ್ಲವೂ ಆ ಎರಡು ಕಿಲೋದಲ್ಲಿ ಆಗಬೇಕು. ಭಾವ ಚೀಟಿಯನ್ನು ತುಂಬ ಹೊತ್ತು ನೋಡಿದರು. ಅವರ ಮನಸ್ಸು ನಿಜವಾಗಿ ಬದಲಾದದ್ದು ಅಲ್ಲಿ ಎಂದು ನನಗನ್ನಿಸುತ್ತದೆ. ನಾನು ಹೇಳಿದ ಕಾಯ್ದೆಯ ಮಾತಿಗಿಂತ ಆ ಎರಡು ಕಿಲೋ ಅವರಿಗೆ ತಾಗಿತು.

ಹಿಂದಿನ ಚಕ್ರಗಳನ್ನು ಮಾತ್ರ ಏರಿಸಿ ಇನ್ನೊಮ್ಮೆ ತೂಗಿದೆವು. ಬಾತ್‌ರೂಮ್, ಬ್ಯಾಟರಿ, ನೀರಿನ ಟ್ಯಾಂಕ್ ಮೂರೂ ಹಿಂಭಾಗದಲ್ಲೇ ಇದ್ದವು, ಭಾರವೂ ಅಲ್ಲೇ ಕೂತಿತ್ತು. ವಾಪಸ್ ಬರುವಾಗ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆಯಿತು. ಓಡಿಸುವುದರಲ್ಲಿ ಬೇರೆ ದೋಷ ಕಾಣಲಿಲ್ಲ.

ಲೆಕ್ಕ

ಆ ಸಂಜೆ ವಿಜಯನಗರದ ಮನೆಯಲ್ಲಿ ಕಾಫಿ ಕುಡಿಯುತ್ತಾ ಬರೆದದ್ದು ಇದು. ಹಿಂದಿನ ಗೋಡೆ, ನೆಲ ಬಿಚ್ಚಿ ಮತ್ತೆ ಕಟ್ಟಲು ಕಡಿಮೆ ಎಂದರೂ 2,25,000. ಟೈರ್ 70,000. ವೈರಿಂಗ್ ಮತ್ತು ಬ್ಯಾಟರಿ 1,10,000. ತುಕ್ಕು, ವೆಲ್ಡಿಂಗ್, ಬ್ರೇಕ್ 40,000. ಗ್ಯಾಸ್ ಲೈನ್ ಹೊಸದಾಗಿ 15,000. ಒಟ್ಟು 4,60,000. ಇದು ನನ್ನ ಅಂದಾಜು, ಗೋಡೆ ಬಿಚ್ಚಿದ ಮೇಲೆ ಮೊದಲ ಅಂಕಿ ಏರಬಹುದು, ಇಳಿಯುವುದಂತೂ ಇಲ್ಲ.

ಮಾರುವವರು ಫೋನ್ ಮಾಡಿ 8.5 ಲಕ್ಷಕ್ಕೆ ಇಳಿದರು. ಪ್ರಾಮಾಣಿಕವಾಗಿಯೇ ಇಳಿದರು. ಸೇರಿಸಿದರೆ 13.1 ಲಕ್ಷ. ಅಷ್ಟು ಹಾಕಿದ ಮೇಲೂ ಕಾಗದದಲ್ಲಿ ಅದು 13 ಸೀಟಿನ ಬಸ್ಸೇ, ತೂಕದಲ್ಲಿ ಎರಡು ಕಿಲೋ ಜಾಗವೇ, 2026ರ ಜೂನ್ ಅಲ್ಲೇ ಕಾಯುತ್ತಿರುತ್ತದೆ. ದುಡ್ಡಿನಿಂದ ಸರಿಯಾಗುವುದು, ಸರಿಯಾಗದೇ ಉಳಿಯುವುದು ಎಂದು ಎರಡು ಸಾಲು ಮಾಡಿ ತೋರಿಸಿದೆ. ಎರಡನೇ ಸಾಲಿನಲ್ಲಿ ಆರ್‌ಸಿ, ವಿಮೆ, ತೂಕ ಇದ್ದವು. ಎರಡನೇ ಸಾಲು ಖಾಲಿ ಇದ್ದರೆ ಮಾತ್ರ ಬೆಲೆಯ ಮಾತು ಎನ್ನುವುದು ನನ್ನ ಅಭಿಪ್ರಾಯ. 5 ಲಕ್ಷಕ್ಕೆ ಕೊಟ್ಟರೂ ನಾನು ಬೇಡ ಎನ್ನುತ್ತಿದ್ದೆ.

ಭಾವ ಒಂದೇ ಮಾತು ಕೇಳಿದರು: "ಹಾಗಾದ್ರೆ ನಮ್ಮ ಕೈಗೆ ಎಟುಕೋ ಗಾಡಿ ಇಲ್ವೇನಪ್ಪ?" ಇದೆ ಭಾವ, ಹುಡುಕೋಣ ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಅದಕ್ಕೆ ಮೊದಲು ಮೂರು ರಾತ್ರಿಗೆ ಬಾಡಿಗೆ ಕ್ಯಾರವಾನ್ ತಗೊಂಡು ಹೋಗಿಬನ್ನಿ ಎಂದು ಒತ್ತಾಯಿಸಿದೆ. ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋಗಿಬಂದರು. ಅಕ್ಕನಿಗೆ ಎರಡು ವಿಷಯ ಗೊತ್ತಾಯಿತು. ಮಂಚ ಮಂಡಿಗಿಂತ ಎತ್ತರ ಇದ್ದರೆ ಅವಳಿಗೆ ಹತ್ತಲು ಆಗುವುದಿಲ್ಲ. ಎಸಿ ಇಲ್ಲದೆ ಬದುಕಬಹುದು, ಆದರೆ ಕೂರುವ ಕಮೋಡ್ ಗಟ್ಟಿಯಾಗಿ ಕೂರಿಸಿರಬೇಕು. ಭಾವನಿಗೆ ಗೊತ್ತಾದದ್ದು, ತಮ್ಮ ಬೀದಿಯ ತಿರುವಿನಲ್ಲಿ ಇಳಿಬಿದ್ದ ಕೇಬಲ್‌ಗಳ ಕೆಳಗೆ ಎಷ್ಟು ಎತ್ತರದ ಗಾಡಿ ಹೋಗುತ್ತದೆ ಎಂಬುದು. ಟೇಪ್ ಹಿಡಿದು ಅಳೆದಿಟ್ಟಿದ್ದಾರೆ.

ಕೆಂಗೇರಿಯವರು ಜನವರಿಯಲ್ಲಿ ಒಂದು ಫೋಟೊ ಕಳಿಸಿದ್ದರು. ಹಿಂದಿನ ಗೋಡೆ ಬಿಚ್ಚಿಸಿದ್ದಾರೆ. ಒಳಗಿನ ಮರದ ಚೌಕಟ್ಟು ಇದ್ದಿಲಿನಂತೆ ಕಪ್ಪಾಗಿತ್ತು, ಮಧ್ಯದ ಚಾವಣಿಯವರೆಗೂ. ಮಂಚ, ಒಲೆ ಎಲ್ಲ ತೆಗೆಸಿ ಮತ್ತೆ ಸೀಟು ಹಾಕಿಸಿ ಆರ್‌ಸಿಯಲ್ಲಿ ಇರುವ ಹಾಗೆಯೇ ಮಾರುತ್ತೇನೆ ಅಂದರು. ಅದು ಸರಿಯಾದ ನಿರ್ಧಾರ ಎಂದು ಹೇಳಿದೆ.

ಹೋದ ವಾರ ಅಕ್ಕ ಯಲಹಂಕದ ಒಂದು ಗಾಡಿಗೆ ತಾನೇ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಬೆಲೆ ಕೇಳಲಿಲ್ಲ. ಮೊದಲು ಆರ್‌ಸಿ ಫೋಟೊ ತರಿಸಿಕೊಂಡು ವರ್ಗದ ಜಾಗದಲ್ಲಿ 'ಮೋಟಾರ್ ಕ್ಯಾರವಾನ್' ಎಂದು ಓದಿದಳು. ಸೀಟು ನಾಲ್ಕು. ಆಮೇಲೆ ಕೇಳಿದಳು, "ಮಳೆ ಬಂದಾಗ ಗಾಡಿ ಎಲ್ಲಿ ನಿಂತಿರುತ್ತೆ?"

"ಬಯಲಲ್ಲೇ ಮೇಡಂ, ನಮ್ಮಲ್ಲಿ ಶೆಡ್ ಇಲ್ಲ."

"ಹಾಗಾದ್ರೆ ಭಾನುವಾರ ಬರ್ತೀವಿ" ಅಂದಳು.